ಸುತ್ತಿಗೆ ಬೀಳದ ಹರಾಜು

ಮ್ಯೂನಿಕ್ ಮತ್ತು ಸುತ್ತಲಿನ ಊರುಗಳ ಕನ್ನಡಿಗರು ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತಿನ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ. ಗಣಪತಿ ಹಬ್ಬ ಬಂತೆಂದರೆ ಅಲ್ಲಿ ದೇವರ ತಲೆಯ ಮೇಲೆ ಫಲಾವಳಿ ಕಟ್ಟುತ್ತಾರೆ. ತೆಂಗಿನಕಾಯಿ, ಮೊಗೆಕಾಯಿ, ಚಕ್ಕೋತ, ಹಾಗಲಕಾಯಿ, ಅಡಿಕೆ ಸಿಂಗಾರ, ಹೀಗೆ ತೋಟದಲ್ಲಿ ಸಿಕ್ಕಿದ್ದೆಲ್ಲ ತೂಗಾಡುತ್ತಿರುತ್ತದೆ. ಊರ ಗಣಪತಿಯಾದರೆ ಕೊನೆಯ ದಿನ ಅದನ್ನೆಲ್ಲ ಇಳಿಸಿ ಸವಾಲಿಗೆ ಇಡುತ್ತಾರೆ. ಫಲಾವಳಿ ಸವಾಲು ಅಂತಲೇ ಅದರ ಹೆಸರು. ಊರ ಹಿರಿಯರೊಬ್ಬರು ಒಂದು ತೆಂಗಿನಕಾಯಿ ಎತ್ತಿ ಹಿಡಿದು, ಕೂಗಿದ ಬೆಲೆಯನ್ನು ತಿರುಗಿ ಕೂಗಿ, "ಒಂದನೇ ಸಲ, ಎರಡನೇ ಸಲ" ಎನ್ನುತ್ತಾ ಸಭೆಯ ಮುಖ ನೋಡುತ್ತಿದ್ದರು. "ಮೂರನೇ ಸಲ" ಎಂದರೆ ಮುಗಿಯಿತು. ಪೇಟೆಯ ದರದ ಹತ್ತು ಪಟ್ಟು ಕೊಟ್ಟವರೂ ಮಾರನೇ ದಿನ ಬಂದು "ಮನಸ್ಸು ಬದಲಾಯಿತು, ಕಾಯಿ ತಗೊಂಡು ದುಡ್ಡು ಕೊಡಿ" ಎಂದದ್ದನ್ನು ನಾನು ಕಾಣೆ. ಆಡಿದ ಮಾತು ಇಡೀ ಊರಿನ ಎದುರಿಗೆ ಆಡಿದ್ದು, ಕಾಯಿಯನ್ನು ಕಣ್ಣಾರೆ ಕಂಡೇ ಆಡಿದ್ದು.

ಜರ್ಮನಿಗೆ ಬಂದ ಮೇಲೆ ಒಂದು ಹಳೇ ಸಾಮಾನಿನ ಹರಾಜಿಗೆ ಹೋಗಿದ್ದೆ. ಮೇಜಿನ ಹಿಂದೆ ನಿಂತವರು ಸುತ್ತಿಗೆ ಎತ್ತಿ "ತ್ಸುಮ್ ಎರ್ಸ್ಟನ್, ತ್ಸುಮ್ ತ್ಸ್ವೈಟನ್, ಉಂಡ್ ತ್ಸುಮ್ ಡ್ರಿಟನ್" ಎಂದರು. ಒಂದನೇ ಸಲ, ಎರಡನೇ ಸಲ, ಮೂರನೇ ಸಲ! ಮೈ ಜುಮ್ಮೆಂದಿತು. ಏಳು ಸಾವಿರ ಕಿಲೋಮೀಟರು ಆಚೆಯೂ ಅದೇ ಮೂರು ಕೂಗು. ಮೂರನೆಯ ಕೂಗಿನ ಜತೆ ಸುತ್ತಿಗೆ ಬಿದ್ದರೆ ಕರಾರು ಆಯಿತು ಎಂದು ಇಲ್ಲಿನ ಸಿವಿಲ್ ಸಂಹಿತೆಯ 156ನೇ ಕಲಮು ಹೇಳುತ್ತದೆ. ನಮ್ಮ ದೇಶದ 1930ರ ಸರಕು ಮಾರಾಟ ಕಾಯಿದೆಯ 64ನೇ ಸೆಕ್ಷನ್ನೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಸುತ್ತಿಗೆ ಬಿದ್ದಾಗ, ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಿದಾಗ, ಮಾರಾಟ ಪೂರ್ಣ. ಅಲ್ಲಿಯವರೆಗೆ ಸವಾಲು ಕೂಗಿದವನು ಹಿಂದೆಗೆಯಬಹುದು. ಆಮೇಲೆ ಇಲ್ಲ.

ಇವತ್ತಿನ ಮಾತಿನ ಗಂಟು ಈ ಸುತ್ತಿಗೆಯಲ್ಲಿದೆ. ಮೊಬೈಲಿನಲ್ಲಿ ನಡೆಯುವ ಹರಾಜಿನಲ್ಲಿ ಸುತ್ತಿಗೆ ಎಲ್ಲಿದೆ?

ನಾನು ವಕೀಲೆಯಲ್ಲ, ಭಾಷಾಂತರ ನನ್ನ ಕೆಲಸ. ಹನ್ನೆರಡು ವರ್ಷದಿಂದ ಹೊಸದಾಗಿ ಬಂದ ನಮ್ಮವರಿಗೆ ಜರ್ಮನ್ ಪತ್ರಗಳನ್ನು ಓದಿ ಹೇಳುತ್ತಾ, ಉತ್ತರ ಬರೆದುಕೊಡುತ್ತಾ ಬಂದಿದ್ದೇನೆ. ಆ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದು ಕೊಂಡ ವಸ್ತುವಿನ ಜಗಳ. ಕಳೆದ ಚಳಿಗಾಲದಲ್ಲಿ ಓದಲು ಬಂದ ಹಾಸನದ ಹುಡುಗಿಯೊಬ್ಬಳು ನನ್ನ ಮನೆಗೆ ಬಂದಳು. ರಾತ್ರಿ ಹನ್ನೊಂದು ಗಂಟೆಗೆ ಆನ್‌ಲೈನ್ ಹರಾಜಿನಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಬಿಡ್ ಹಾಕಿದ್ದಾಳೆ. ಕೊನೆಯ ಎರಡು ನಿಮಿಷ ಯಾರೋ ಮೇಲೆ ಮೇಲೆ ಏರಿಸಿದ್ದಾರೆ, ಇವಳೂ ಬಿಡಲಿಲ್ಲ. ಗೆದ್ದದ್ದು 410 ಯೂರೋಗೆ. ಬೆಳಿಗ್ಗೆ ನೋಡಿದರೆ ಅದೇ ಮಾದರಿ ಅಂಗಡಿಯಲ್ಲಿ 380ಕ್ಕೇ ಇದೆ. ಮಾರಿದವರಿಗೆ ಬರೆದಳು, ಒಂದೇ ಸಾಲಿನ ಉತ್ತರ ಬಂತು: ಇದು ಹರಾಜು, ಹರಾಜಿನಲ್ಲಿ ವಾಪಸ್ ಇಲ್ಲ. "ಅಕ್ಕಾ, ನಂದೇ ತಪ್ಪು ಅಲ್ವಾ? ಹರಾಜು ಅಂದ್ಮೇಲೆ ಮುಗೀತು ಅಲ್ವಾ?" ಅಂತ ಕೇಳಿದಳು.

ಆ ಮಗುವಿನ ಮುಖ ನೆನೆದೇ ಇವತ್ತು ಈ ವಿಷಯ ಆರಿಸಿಕೊಂಡೆ. ಹರಾಜು ಎಂದು ಬರೆದುಕೊಂಡ ಮಾತ್ರಕ್ಕೆ ಅದು ಕಾನೂನಿನ ಕಣ್ಣಿಗೆ ಹರಾಜಲ್ಲ. ಇದನ್ನು ಇಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಇಪ್ಪತ್ತು ವರ್ಷಗಳ ಹಿಂದೆಯೇ ಹೇಳಿಬಿಟ್ಟಿದೆ.

ಆ ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಳ್ಳಿ ಬಂಗಾರದ ವರ್ತಕರೊಬ್ಬರು ಈಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ವಜ್ರದ ಕೈಸರವೊಂದನ್ನು ಹರಾಜಿಗೆ ಇಟ್ಟರು. "15 ಕ್ಯಾರೆಟ್ ವಜ್ರದ ಕೈಸರ, 1 ಯೂರೋದಿಂದ" ಅನ್ನುವುದು ತಲೆಬರಹ. ಒಬ್ಬರು 252.51 ಯೂರೋಗೆ ಅದನ್ನು ಗೆದ್ದರು. ಆಮೇಲೆ ಬೇಡವೆಂದರು, ದುಡ್ಡೂ ಕೊಡಲಿಲ್ಲ. ವರ್ತಕರು ಕೋರ್ಟಿಗೆ ಹೋದರು. ದೂರದಿಂದ ಕೊಂಡ ಸರಕನ್ನು ಕಾರಣ ಹೇಳದೆ ಹಿಂತಿರುಗಿಸುವ ಹಕ್ಕು ಆಗಲೂ ಗ್ರಾಹಕರಿಗೆ ಇತ್ತು. ಆದರೆ ಆ ಕಾನೂನಿನಲ್ಲೇ ಒಂದು ಹೊರತು ಇತ್ತು: 156ನೇ ಕಲಮಿನ ಹರಾಜಿಗೆ ಈ ಹಕ್ಕು ಸಲ್ಲದು. ವರ್ತಕರ ವಾದವೆಲ್ಲ ಇದರ ಮೇಲೆ ನಿಂತಿತ್ತು.

2004ರ ನವೆಂಬರ್ 3ರಂದು ಕಾರ್ಲ್ಸ್‌ರೂಹದಲ್ಲಿರುವ ಫೆಡರಲ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 156ನೇ ಕಲಮಿನ ಹರಾಜು ಆಗಬೇಕಾದರೆ ಸುತ್ತಿಗೆ ಬೀಳಬೇಕು, ಅಂದರೆ ಒಬ್ಬ ಹರಾಜುಗಾರ "ನಿನ್ನ ಸವಾಲನ್ನು ಒಪ್ಪಿದೆ" ಎಂದು ಸಾರಬೇಕು. ಇಲ್ಲಿ ಸಾರಿದವರು ಯಾರು? ಯಾರೂ ಇಲ್ಲ. ಗಡಿಯಾರದ ಮುಳ್ಳು ತಿರುಗಿತು, ಸಮಯ ಮುಗಿಯಿತು, ಆಗ ಯಾರ ಮೊತ್ತ ಮೇಲಿತ್ತೋ ಅವರು ಕೊಂಡರು. ಇದು ಸಾಮಾನ್ಯ ಮಾರಾಟ, ಬೆಲೆಯನ್ನು ನಿಗದಿ ಮಾಡುವ ದಾರಿ ಮಾತ್ರ ಬೇರೆ. ಕೊಳ್ಳುವವರು ವಸ್ತುವನ್ನು ನೋಡಿಲ್ಲ, ಮುಟ್ಟಿಲ್ಲ. ದೂರದಿಂದ ಕೊಳ್ಳುವ ಬೇರೆ ಯಾರಿಗಿರುವ ಅಪಾಯವೋ ಇವರಿಗೂ ಅದೇ. ಹಾಗಾಗಿ ಮಾರುವವರು ವರ್ತಕರಾಗಿ, ಕೊಳ್ಳುವವರು ಗ್ರಾಹಕರಾಗಿದ್ದರೆ ವಾಪಸ್ ಮಾಡುವ ಹಕ್ಕು ಇದೆ ಎಂದು ತೀರ್ಪಾಯಿತು.

ಆ ತೀರ್ಪನ್ನು ಮೊದಲ ಸಲ ಓದಿದಾಗ ನನಗೆ ಚಿಕ್ಕಪೇಟೆಯ ಸೀರೆ ಅಂಗಡಿ ನೆನಪಾಯಿತು. ಜಮಖಾನದ ಮೇಲೆ ಕೂರಿಸಿ, ನಲವತ್ತು ಸೀರೆ ಬಿಡಿಸಿ ಹಾಕುತ್ತಾರೆ. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತೇವೆ, ಬಾಗಿಲ ಬೆಳಕಿಗೆ ಒಯ್ದು ಬಣ್ಣ ನೋಡುತ್ತೇವೆ, ಜರಿ ಉಜ್ಜಿ ನೋಡುತ್ತೇವೆ. ಆಮೇಲೆ "ಇರಲಿ ಬಿಡಿ, ಇನ್ನೊಂದು ಕಡೆ ನೋಡಿ ಬರ್ತೀವಿ" ಅಂತ ಎದ್ದು ಬರುತ್ತೇವೆ. ಅಂಗಡಿಯವರಿಗೆ ಬೇಸರವಾಗಬಹುದು, ಆದರೆ ಅದು ನಮ್ಮ ತಪ್ಪಲ್ಲ. ನೋಡಿ ಬೇಡವೆನ್ನುವುದು ಕೊಳ್ಳುವುದರ ಒಂದು ಭಾಗ. ಆನ್‌ಲೈನಿನಲ್ಲಿ ಆ ಭಾಗ ಕಳೆದುಹೋಗುತ್ತದೆ, ಮೊದಲು ಕೊಳ್ಳುತ್ತೇವೆ, ಆಮೇಲೆ ನೋಡುತ್ತೇವೆ. ಕಳೆದುಹೋದದ್ದನ್ನು ಕಾನೂನು, ವಾಪಸ್ ಮಾಡಲು ಕೊಡುವ ಹದಿನಾಲ್ಕು ದಿನಗಳ ರೂಪದಲ್ಲಿ ತಿರುಗಿ ಕೊಟ್ಟಿದೆ. ಮನಸ್ಸು ಬದಲಾಯಿಸುವ ಹಕ್ಕು ಎಂದು ನಾವು ಕರೆಯುವುದು ನಿಜವಾಗಿ ನೋಡುವ ಹಕ್ಕು. ವರ್ತಕರು ಮಾಡುವ ಉಪಕಾರ ಅದಲ್ಲ, ಅದಕ್ಕಾಗಿ ಕೈಮುಗಿದು ಕೇಳಬೇಕಾದ್ದೂ ಇಲ್ಲ.

ಸುತ್ತಿಗೆಯ ಹರಾಜಿಗೆ ಹೊರತು ಯಾಕೆ ಕೊಟ್ಟರು ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಅಲ್ಲಿ ವಸ್ತು ಕಣ್ಣೆದುರು ಇರುತ್ತದೆ. ಹರಾಜಿನ ಮುಂಚೆ ನೋಡಲು ದಿನ ಇಟ್ಟಿರುತ್ತಾರೆ. ಒಬ್ಬ ಗೆದ್ದು ಮಾರನೇ ದಿನ ಬೇಡ ಅಂದರೆ ಎರಡನೇ ಸವಾಲಿನವನು ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ. ಫಲಾವಳಿ ಸವಾಲಿನ ನ್ಯಾಯ ಅಲ್ಲಿಗೆ ಸರಿ.

ಮುಂದೆ ಯುರೋಪಿಯನ್ ಒಕ್ಕೂಟವೇ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. 1997ರ ಹಳೆಯ ನಿರ್ದೇಶನದಲ್ಲಿ, ಅಂದರೆ ಸದಸ್ಯ ದೇಶಗಳೆಲ್ಲ ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕಾದ ನಿಯಮದಲ್ಲಿ, "ಹರಾಜು" ಎಂಬ ಬರೀ ಒಂದು ಪದ ಇತ್ತು, ಅರ್ಥ ಹೇಳಿರಲಿಲ್ಲ. 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿ ಅದು "ಸಾರ್ವಜನಿಕ ಹರಾಜು" ಆಯಿತು. ಹರಾಜುಗಾರ ಇರಬೇಕು, ಪಾರದರ್ಶಕ ಪೈಪೋಟಿ ಇರಬೇಕು, ಗ್ರಾಹಕರು ಸ್ವತಃ ಬಂದು ಕೂರುವ ಅವಕಾಶ ಇರಬೇಕು, ಗೆದ್ದವನು ಕೊಳ್ಳಲೇಬೇಕು. ಇಷ್ಟೂ ಇದ್ದರೆ ಮಾತ್ರ ಹದಿನಾಲ್ಕು ದಿನದ ಹಕ್ಕು ಇಲ್ಲ. ವರ್ತಕರೂ ಗ್ರಾಹಕರೂ ಬಳಸುವ ಆನ್‌ಲೈನ್ ಹರಾಜು ತಾಣಗಳು ಇದರೊಳಗೆ ಬರುವುದಿಲ್ಲ ಎಂದು ಅದರ ಪೀಠಿಕೆಯಲ್ಲೇ ಬರೆದಿದ್ದಾರೆ. 2014ರ ಜೂನ್ 13ರಿಂದ ಇದು ಜಾರಿಯಲ್ಲಿದೆ. ಬ್ರಿಟನ್ನಿನ ನಿಯಮಗಳೂ ಅದೇ ದಿನ ಜಾರಿಗೆ ಬಂದವು. ಅವರು ಒಕ್ಕೂಟ ಬಿಟ್ಟು ಹೋದರೂ ಈ ನಿಯಮ ಬಿಡಲಿಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು. ದೊಡ್ಡ ಹರಾಜು ಮನೆಗಳು ಸಭಾಂಗಣದಲ್ಲಿ ಹರಾಜು ನಡೆಸುತ್ತಾ ಆನ್‌ಲೈನಿನಲ್ಲೂ ಬಿಡ್ ಹಾಕಲು ಬಿಡುತ್ತವೆ. ನೀವು ಮನೆಯ ಸೋಫಾ ಮೇಲೆ ಕೂತು ಬಿಡ್ ಹಾಕಿದರೂ ಅದು ಸಾರ್ವಜನಿಕ ಹರಾಜೇ, ಯಾಕೆಂದರೆ ಹೋಗಿ ಕೂರುವ ಅವಕಾಶ ನಿಮಗಿತ್ತು. ಹೋಗದೆ ಇದ್ದದ್ದು ನಿಮ್ಮ ಇಷ್ಟ. ಅಲ್ಲಿ ವಾಪಸ್ ಇಲ್ಲ.

ಇನ್ನು ಎರಡನೇ ಪ್ರಶ್ನೆ. ಮೊದಲನೆಯದಕ್ಕಿಂತ ಇದೇ ಹೆಚ್ಚು ಜನರನ್ನು ಕೆಡವುತ್ತದೆ. ಮಾರಿದವರು ಯಾರು? ವರ್ತಕರೋ, ನಮ್ಮ ನಿಮ್ಮ ಹಾಗೆ ಮನೆಯಲ್ಲಿದ್ದ ಹಳೆಯ ಸಾಮಾನು ಮಾರುವವರೋ? ಹದಿನಾಲ್ಕು ದಿನದ ಹಕ್ಕು ಇರುವುದು ವರ್ತಕರ ಎದುರಿಗೆ ಮಾತ್ರ. ಪಕ್ಕದ ಬೀದಿಯ ಅಜ್ಜಿ ತನ್ನ ಹೊಲಿಗೆ ಯಂತ್ರವನ್ನು ಹರಾಜಿಗೆ ಇಟ್ಟು ನೀವು ಗೆದ್ದರೆ, ಮನಸ್ಸು ಬದಲಾಯಿತು ಅನ್ನುವುದು ಆಕೆಯ ಹತ್ತಿರ ನಡೆಯುವುದಿಲ್ಲ. ಅದು ನ್ಯಾಯವೂ ಹೌದು.

ತೊಂದರೆ ಇರುವುದು ನಡುವಿನವರಲ್ಲಿ. ವಾರಕ್ಕೆ ಮೂವತ್ತು ಹೊಸ ಫೋನು ಮಾರುತ್ತಾ, ಕೆಳಗೆ ಸಣ್ಣ ಅಕ್ಷರದಲ್ಲಿ "ಖಾಸಗಿ ಮಾರಾಟ, ವಾಪಸ್ ಇಲ್ಲ" ಎಂದು ಬರೆದುಕೊಳ್ಳುವವರು ಇದ್ದಾರೆ. ಹೆಸರು ಹಾಕಿಕೊಂಡದ್ದಕ್ಕೆ ಇಲ್ಲೂ ಬೆಲೆಯಿಲ್ಲ, ನಡವಳಿಕೆ ಏನೆಂದು ನೋಡಬೇಕು. 2018ರಲ್ಲಿ ಯುರೋಪಿಯನ್ ನ್ಯಾಯಾಲಯದ ಮುಂದೆ ಬಲ್ಗೇರಿಯಾದ ಪ್ರಕರಣವೊಂದು ಬಂದಿತ್ತು. ಒಬ್ಬರು ಒಂದು ತಾಣದಲ್ಲಿ ಎಂಟು ಹೊಸ, ಹಳೆಯ ವಸ್ತುಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಎಂಟು ವಸ್ತು ಇಟ್ಟ ಮಾತ್ರಕ್ಕೆ ಯಾರೂ ವರ್ತಕರಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಜತೆಗೆ ಏನೇನು ತೂಗಿ ನೋಡಬೇಕು ಎಂಬುದನ್ನೂ ಹೇಳಿತು: ಮಾರಾಟ ವ್ಯವಸ್ಥಿತವಾಗಿ ನಡೆಯುತ್ತಿದೆಯೇ, ಲಾಭದ ಉದ್ದೇಶವಿದೆಯೇ, ಮಾರುವುದಕ್ಕೆಂದೇ ಕೊಂಡು ತಂದದ್ದೇ, ಒಂದೇ ಬಗೆಯ ಸರಕೇ, ಇಂಥವು. ನಮ್ಮ ಕೈಯಲ್ಲಾಗುವ ಕೆಲಸವೆಂದರೆ, ಬಿಡ್ ಹಾಕುವ ಮುಂಚೆ ಆ ಮಾರಾಟಗಾರರ ಉಳಿದ ಜಾಹೀರಾತುಗಳನ್ನು ಒಮ್ಮೆ ತೆರೆದು ನೋಡುವುದು, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳುವುದು. ಮಾರುವವರು ತಾವು ವರ್ತಕರೋ ಅಲ್ಲವೋ ಎಂದು ಘೋಷಿಸಿದ್ದನ್ನು ತಾಣವೇ ಕೊಳ್ಳುವವರಿಗೆ ತಿಳಿಸಬೇಕು ಎಂಬ ನಿಯಮ ಒಕ್ಕೂಟದಲ್ಲಿ 2022ರ ಮೇ 28ರಿಂದ ಬಂದಿದೆ. ಜಾಹೀರಾತಿನ ಪುಟದಲ್ಲಿ ಅದನ್ನು ಹುಡುಕಿ, ಇರುತ್ತದೆ.

ಖಾಸಗಿ ಮಾರಾಟ ಅಂದ ಕೂಡಲೇ ಏನು ಬೇಕಾದರೂ ಮಾಡಬಹುದು ಅಂತಲೂ ಅಲ್ಲ. ಮನಸ್ಸು ಬದಲಾಯಿಸುವುದು ಒಂದು, ಹೇಳಿದ ವಸ್ತು ಬಾರದೇ ಇರುವುದು ಇನ್ನೊಂದು. ಈ ಎರಡನ್ನೂ ನಮ್ಮವರು ಸದಾ ಒಂದೇ ಗಂಟಿಗೆ ಕಟ್ಟುತ್ತಾರೆ. ಹಳೆಯ ಮೋಟಾರ್ ಸೈಕಲೊಂದು ಇಲ್ಲಿ ಹರಾಜಾಗಿತ್ತು. ಜಾಹೀರಾತಿನಲ್ಲಿ 30,000 ಕಿಲೋಮೀಟರು ಓಡಿದೆ ಎಂದಿತ್ತು, ಮೀಟರು ತೋರಿಸುತ್ತಿದ್ದದ್ದು ಮೈಲಿ. ಮಾರಿದವರು ಹೊಣೆ ಹೊರುವುದಿಲ್ಲ ಎಂದು ಬರೆದಿದ್ದರು. 2006ರಲ್ಲಿ ಅದೇ ಫೆಡರಲ್ ನ್ಯಾಯಾಲಯ, ಇಂಥದ್ದು ಇದೆ ಎಂದು ಖಚಿತವಾಗಿ ಹೇಳಿ ಮಾರಿದ ಮೇಲೆ ಆ ಗುಣಕ್ಕೆ "ಹೊಣೆಯಿಲ್ಲ" ಎಂಬ ಸಾಲು ರಕ್ಷೆ ಕೊಡುವುದಿಲ್ಲ ಎಂದಿತು. ಖಾಸಗಿಯವರಿಗೂ ಇದು ಅನ್ವಯ.

ಮನಸ್ಸು ಬದಲಾಗುವುದು ಕೊಳ್ಳುವವರಿಗೆ ಮಾತ್ರವೇ? ಮಾರುವವರಿಗೂ ಆಗುತ್ತದೆ. ಅದರ ಎರಡು ಮೊಕದ್ದಮೆ ಹೇಳಲೇಬೇಕು, ನ್ಯಾಯದ ತಕ್ಕಡಿ ಎರಡೂ ಕಡೆ ತೂಗುವುದು ಅಲ್ಲಿ ಕಾಣುತ್ತದೆ.

ಒಬ್ಬರು ಹಳೆಯ ಫೋಕ್ಸ್‌ವ್ಯಾಗನ್ ಪಸಾಟ್ ಕಾರನ್ನು 1 ಯೂರೋದಿಂದ ಹರಾಜಿಗೆ ಇಟ್ಟರು. ಇನ್ನೊಬ್ಬರು ಹೆಚ್ಚೆಂದರೆ 555.55 ಯೂರೋ ಎಂದು ಮೊತ್ತ ಹಾಕಿಟ್ಟರು. ಬೇರೆ ಯಾರೂ ಬಿಡ್ ಮಾಡದ್ದರಿಂದ ಬೆಲೆ 1 ಯೂರೋದಲ್ಲೇ ನಿಂತಿತ್ತು. ಅಷ್ಟರಲ್ಲಿ ಹೊರಗೆ 4,200 ಯೂರೋ ಕೊಡುವವರು ಸಿಕ್ಕಿದರೆಂದು ಮಾಲೀಕರು ಹರಾಜನ್ನೇ ನಿಲ್ಲಿಸಿಬಿಟ್ಟರು. 2014ರ ನವೆಂಬರ್ 12ರ ತೀರ್ಪು: ಕಾರು ನಿಮ್ಮ ಕರಾರಿನಿಂದ ಅವರದಾಗಿತ್ತು, 1 ಯೂರೋಗೆ. ಕಾರಿನ ಬೆಲೆ 5,250, ಅದರಲ್ಲಿ 1 ಕಳೆದು 5,249 ಯೂರೋ ಪರಿಹಾರ ಕೊಡಿ. ಅಷ್ಟು ಕಡಿಮೆಯಿಂದ ಶುರು ಮಾಡಿದ ಅಪಾಯ ನೀವೇ ಆರಿಸಿಕೊಂಡದ್ದು ಎಂದಿತು ನ್ಯಾಯಾಲಯ.

ಎರಡನೆಯದು ಇನ್ನೂ ಮುಖ್ಯ, ಹಾಸನದ ಹುಡುಗಿಯ ಕೊನೆಯ ಎರಡು ನಿಮಿಷಕ್ಕೂ ಇದಕ್ಕೂ ನಂಟಿರಬಹುದು. ಒಂದು ಗಾಲ್ಫ್ ಕಾರು, ಅದೂ 1 ಯೂರೋದಿಂದ. ಹೊರಗಿನವರೊಬ್ಬರು ಆರಂಭದ ಆ 1 ಯೂರೋ ಹಾಕಿ ಸುಮ್ಮನಾದರು. ಆಮೇಲೆ ಇಬ್ಬರೇ ಪೈಪೋಟಿಗೆ ಬಿದ್ದರು, ಅವರಲ್ಲಿ ಒಬ್ಬರು ಬೇರೆ ಖಾತೆ ತೆರೆದುಕೊಂಡ ಮಾಲೀಕರೇ! ಬೆಲೆ 17,000ಕ್ಕೆ ಏರಿತು. 2016ರ ಆಗಸ್ಟ್ 24ರಂದು ನ್ಯಾಯಾಲಯ ಒಂದು ಸರಳ ಪ್ರಶ್ನೆ ಕೇಳಿತು: ತನ್ನ ಜತೆ ತಾನೇ ಕರಾರು ಮಾಡಿಕೊಳ್ಳಲು ಆಗುತ್ತದೆಯೇ? ಆಗುವುದಿಲ್ಲ. ಹಾಗಾದರೆ ಮಾಲೀಕರ ಬಿಡ್‌ಗಳನ್ನೆಲ್ಲ ಅಳಿಸಿ ಲೆಕ್ಕ ಹಾಕಿ. ಉಳಿದದ್ದು 1 ಯೂರೋ, ಅದರ ಮೇಲೆ ಒಂದು ಮೆಟ್ಟಿಲು, 1.50 ಯೂರೋ. ಅಷ್ಟಕ್ಕೆ ಇನ್ನೊಬ್ಬ ಪೈಪೋಟಿದಾರರು ಕಾರು ಕೊಂಡಂತಾಯಿತು. ಕಾರು ಅಷ್ಟರಲ್ಲಿ ಮಾರಿಹೋಗಿದ್ದರಿಂದ ಸುಮಾರು 16,500 ಯೂರೋ ಪರಿಹಾರ. ನಮ್ಮ 1930ರ ಕಾಯಿದೆಯಲ್ಲೂ ಸುಳ್ಳು ಸವಾಲಿನಿಂದ ಬೆಲೆ ಏರಿಸಿದರೆ ಕೊಂಡವನು ಮಾರಾಟವನ್ನೇ ರದ್ದು ಮಾಡಬಹುದು ಎಂದಿದೆ. ಫಲಾವಳಿ ಸವಾಲಿನಲ್ಲಿ ಯಾರು ಯಾರ ಪರವಾಗಿ ಕೂಗುತ್ತಿದ್ದಾರೆ ಎಂದು ಇಡೀ ಊರಿಗೆ ಗೊತ್ತಿರುತ್ತಿತ್ತು. ಪರದೆಯ ಹಿಂದೆ ಅದು ಗೊತ್ತಾಗುವುದಿಲ್ಲ, ಅದಕ್ಕೇ ಕಾನೂನು ಬೇಕು.

ಈಗ ಕೈಕೆಲಸ. ವಾಪಸ್ ಮಾಡಬೇಕೆಂದರೆ ಹೇಗೆ?

ಸರಕು ನಿಮ್ಮ ಕೈಗೆ ಬಂದ ಮಾರನೇ ದಿನದಿಂದ ಹದಿನಾಲ್ಕು ದಿನ. ಅಷ್ಟರೊಳಗೆ ಬೇಡವೆಂದು ಸ್ಪಷ್ಟವಾಗಿ ತಿಳಿಸಬೇಕು. ಸುಮ್ಮನೆ ಪೊಟ್ಟಣ ವಾಪಸ್ ಕಳಿಸಿದರೆ ಸಾಲದು, ಬಹಳ ಜನ ಎಡವುವುದು ಇಲ್ಲೇ. ಇಮೇಲ್ ಸಾಕು, ಕಾರಣ ಹೇಳಬೇಕಾಗಿಲ್ಲ. ದಯವಿಟ್ಟು ಕಾರಣ ಬರೆಯಲೇಬೇಡಿ. "ಅಮ್ಮನಿಗೆ ಹುಷಾರಿಲ್ಲ", "ದುಡ್ಡಿಗೆ ತೊಂದರೆ" ಎಂದೆಲ್ಲ ನಮ್ಮವರು ಎರಡು ಪುಟ ಬರೆಯುತ್ತಾರೆ. ಓದಿದಾಗ ನನಗೆ ಸಂಕಟವಾಗುತ್ತದೆ. ಹಕ್ಕು ಇರುವ ಕಡೆ ಬೇಡುವುದು ಯಾಕೆ? "ಹಿಯರ್‌ಮಿಟ್ ವೀಡರ್‌ರೂಫೆ ಇಷ್ ಡೆನ್ ಫೆರ್ಟ್ರಾಗ್", ಅಂದರೆ "ಈ ಮೂಲಕ ಕರಾರನ್ನು ಹಿಂದೆಗೆದುಕೊಳ್ಳುತ್ತೇನೆ". ಈ ಸಾಲಿನ ಕೆಳಗೆ ಯಾವ ವಸ್ತು, ಯಾವ ದಿನ ಕೊಂಡದ್ದು, ನಿಮ್ಮ ಹೆಸರು. ಮುಗಿಯಿತು.

ತಿಳಿಸಿದ ಮೇಲೆ ಹದಿನಾಲ್ಕು ದಿನದೊಳಗೆ ಸರಕನ್ನು ಕಳಿಸಬೇಕು. ಅವರು ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ಸರಕು ಬರುವವರೆಗೆ ಅಥವಾ ಕಳಿಸಿದ ರಸೀದಿ ನೋಡುವವರೆಗೆ ತಡೆಹಿಡಿಯಬಹುದು. ಮೊದಲು ನಿಮಗೆ ಕಳಿಸಿದ ಸಾಮಾನ್ಯ ಅಂಚೆ ಖರ್ಚೂ ಅವರೇ ಕೊಡಬೇಕು. ವಾಪಸ್ ಕಳಿಸುವ ಖರ್ಚು ಮಾತ್ರ ನಿಮ್ಮದು, ಅದನ್ನು ಅವರು ಮುಂಚೆ ತಿಳಿಸಿದ್ದರೆ. ಹಕ್ಕಿನ ವಿಷಯವನ್ನೇ ನಿಮಗೆ ತಿಳಿಸದೆ ಇದ್ದರೆ ಗಡುವು ಹನ್ನೆರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಇನ್ನೊಂದು, ಆನ್‌ಲೈನ್ ಕರಾರುಗಳಿಗೆ ಪುಟದಲ್ಲೇ ಹಿಂದೆಗೆತದ ಗುಂಡಿ ಇರಬೇಕು ಎಂಬ ನಿಯಮಕ್ಕೆ ಒಕ್ಕೂಟ ಇಟ್ಟ ದಿನ 2026ರ ಜೂನ್ 19. ಕೊಳ್ಳುವ ಗುಂಡಿ ಎಷ್ಟು ಸುಲಭವೋ ಬಿಡುವ ಗುಂಡಿಯೂ ಅಷ್ಟೇ ಸುಲಭ ಇರಲಿ ಎಂಬುದು ಇದರ ಹಿಂದಿನ ಯೋಚನೆ, ನನಗೆ ಬಹಳ ಹಿಡಿಸಿತು.

ಬಳಸಿ ವಾಪಸ್ ಮಾಡಬಹುದೇ ಅಂದರೆ ಮತ್ತೆ ಚಿಕ್ಕಪೇಟೆಗೇ ಹೋಗೋಣ. ಸೆರಗನ್ನು ಹೆಗಲಿಗೆ ಹಾಕಿ ನೋಡುವುದು ಸರಿ. ಉಟ್ಟುಕೊಂಡು ಮದುವೆಗೆ ಹೋಗಿ ಬಂದರೆ ಅಲ್ಲ. ಅಂಗಡಿಯಲ್ಲಿ ಎಷ್ಟು ನೋಡಬಹುದಿತ್ತೋ ಅದನ್ನು ಮೀರಿ ಬಳಸಿ ಬೆಲೆ ಇಳಿದರೆ ಅಷ್ಟನ್ನು ಹಿಡಿದುಕೊಳ್ಳುತ್ತಾರೆ. ನಿಮ್ಮ ಅಳತೆಗೆಂದೇ ಮಾಡಿಸಿದ್ದು, ಬೇಗ ಕೆಡುವಂಥದ್ದು, ಮುದ್ರೆ ಒಡೆದ ಸಿ.ಡಿ., ಇವಕ್ಕೆ ಹಕ್ಕು ಇಲ್ಲ. ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ತೆಗೆದರೆ ಹೋಯಿತು ಎಂದು ವರ್ತಕರು ಹೇಳುತ್ತಿದ್ದರು, 2019ರಲ್ಲಿ ಯುರೋಪಿಯನ್ ನ್ಯಾಯಾಲಯ ಹಾಗಲ್ಲ ಎಂದಿತು. ಮೈಗೆ ತಾಗಿಸಿ ನೋಡಿದ ಬಟ್ಟೆಯನ್ನು ಒಗೆದು ಮಾರುವ ಹಾಗೆ ಹಾಸಿಗೆಯನ್ನೂ ಶುಚಿ ಮಾಡಿ ಮಾರಬಹುದು ಅಂತ.

ಒಂದು ಮಾತು ಕಟುವಾಗಿ ಹೇಳುತ್ತೇನೆ, ಬೇಸರ ಬೇಡ. ಹೇಗೂ ವಾಪಸ್ ಮಾಡಬಹುದಲ್ಲ ಎಂದು ಹತ್ತು ಹರಾಜಿಗೆ ಬಿಡ್ ಹಾಕಿ ಒಂಬತ್ತನ್ನು ಹಿಂತಿರುಗಿಸುವವರು ನಮ್ಮಲ್ಲೂ ಇದ್ದಾರೆ. ಆ ಕಡೆ ಇರುವವರು ಬಹಳ ಸಲ ಒಬ್ಬಂಟಿ ಅಂಗಡಿಯವರು. ಪ್ರತಿ ಪೊಟ್ಟಣ ಅವರ ಊಟದಿಂದ ಕಳೆಯುತ್ತದೆ. ಸೀರೆ ಅಂಗಡಿಯಲ್ಲಿ ಕೊಳ್ಳುವ ಮನಸ್ಸೇ ಇಲ್ಲದೆ ನಲವತ್ತು ಸೀರೆ ಬಿಡಿಸಿ ಹಾಕಿಸುವವರನ್ನು ನಾವೇ ಏನೆನ್ನುತ್ತೇವೆ?

ವರ್ತಕರು ಒಪ್ಪದೆ ಹೋದರೆ ಪ್ರತಿ ರಾಜ್ಯದಲ್ಲೂ ಫೆರ್‌ಬ್ರೌಖರ್‌ತ್ಸೆಂಟ್ರಾಲೆ ಎಂಬ ಗ್ರಾಹಕ ಸಲಹಾ ಕೇಂದ್ರ ಇದೆ. ಹೋಗಿ. ನಾನು ಓದಿ ಹೇಳಬಲ್ಲೆ, ಅವರು ಕಾನೂನು ಹೇಳಬಲ್ಲರು.

ಹಾಸನದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಲ್ಯಾಪ್‌ಟಾಪ್ ಮಾರಿದವರ ಪುಟ ತೆರೆದು ನೋಡಿದೆವು. ನೂರಾರು ಲ್ಯಾಪ್‌ಟಾಪ್‌ಗಳು, ಕೆಳಗೆ ತೆರಿಗೆ ಸಂಖ್ಯೆ. ವರ್ತಕರೇ. ಆ ಒಂದು ಸಾಲಿನ ಜರ್ಮನ್ ಅವಳೇ ಬರೆದಳು, ನಾನು ಬರೀ ಕಾಗುಣಿತ ನೋಡಿದೆ. ಎರಡು ದಿನದಲ್ಲಿ ವಾಪಸ್ ಕಳಿಸುವ ವಿಳಾಸ ಬಂತು, ಹನ್ನೊಂದನೇ ದಿನ ದುಡ್ಡು. ಹರಾಜಿನಲ್ಲಿ ವಾಪಸ್ ಇಲ್ಲ ಎಂದವರು ಅದರ ಬಗ್ಗೆ ಮತ್ತೆ ಒಂದಕ್ಷರ ಬರೆಯಲಿಲ್ಲ. ಕಾನೂನು ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದೆ ಇದ್ದದ್ದು ಅವಳಿಗೆ ಮಾತ್ರ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಟ್ಟುಕೊಟ್ಟೆ.

ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ, ಅಲ್ಲಿಗೂ ಇದೇ ನಿಯಮವೇ ಎಂದು ಒಬ್ಬರು ಕೇಳಿದರು. ಅಲ್ಲ. ಆಸ್ಟ್ರೇಲಿಯಾದಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ಆನ್‌ಲೈನಿನಲ್ಲಿ ಕೊಂಡದ್ದನ್ನು ಬರೀ ಮನಸ್ಸು ಬದಲಾಯಿತು ಎಂದು ವಾಪಸ್ ಮಾಡುವ ಹಕ್ಕನ್ನು ಕಾನೂನು ಕೊಟ್ಟಿಲ್ಲ, ಅಂಗಡಿಯವರು ತಾವಾಗಿ ಕೊಟ್ಟರೆ ಉಂಟು. ದೋಷವಿದ್ದರೆ ಮಾತ್ರ ಕಾನೂನಿನ ಖಾತರಿ ಗಟ್ಟಿಯಾಗಿದೆ. ನ್ಯೂಜಿಲೆಂಡಿನಲ್ಲಿ ಆ ಖಾತರಿಯಿಂದಲೂ ಹರಾಜನ್ನು ಹೊರಗಿಟ್ಟಿದ್ದರು. 2014ರ ಜೂನ್ 17ರಿಂದ ವರ್ತಕರು ಹರಾಜಿನಲ್ಲಿ ಮಾರಿದ್ದಕ್ಕೂ ಅದು ಸಲ್ಲುತ್ತದೆ.

ಭಾರತದಲ್ಲಿ ಎಂದು ಇನ್ನೊಬ್ಬರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದನ್ನು ಅನುಚಿತ ವ್ಯಾಪಾರ ಎನ್ನುತ್ತದೆ. ದೋಷವಿಲ್ಲದ ಸರಕು ಬೇಡವೆನಿಸಿದರೆ ಆಯಾ ಕಂಪನಿಯ ನಿಯಮವೇ ಗತಿ. ಅಣ್ಣ ತಮ್ಮಂದಿರು ಊರಿನಲ್ಲಿ ತೊಂದರೆಯಲ್ಲಿದ್ದರೆ 1915ಕ್ಕೆ ಫೋನ್ ಮಾಡಲು ಹೇಳಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ.

ಕೊನೆಯ ಸಾಲಿನಿಂದ ಯಜಮಾನರೊಬ್ಬರು ಎದ್ದರು. "ನೋಡಮ್ಮ, ನಾನು ಇಲ್ಲೇ ಕೂತು ಬೆಂಗಳೂರಿನಲ್ಲಿ ಒಂದು ಸೈಟು ಇ-ಹರಾಜಿನಲ್ಲಿ ತಗೊಳ್ಳೋಣ ಅಂತಿದ್ದೀನಿ. ಆಮೇಲೆ ಬೇಡ ಅನ್ನಿಸಿದ್ರೆ ಹದಿನಾಲ್ಕು ದಿನ ಇರುತ್ತಾ?"

ಇರುವುದಿಲ್ಲ ಸರ್, ಎಂದೆ. ಜರ್ಮನಿಯಲ್ಲಿ ಕೂತು ಗುಂಡಿ ಒತ್ತಿದರೂ ಅದು ಅಲ್ಲಿನ ಮಾರಾಟ, ಅಲ್ಲಿನ ಕಾನೂನು. ಇರುವ ಸೈಟನ್ನು ಇದ್ದ ಹಾಗೆಯೇ ಸಾರ್ವಜನಿಕ ಹರಾಜಿನಲ್ಲಿ ಕೊಂಡವರು ಗ್ರಾಹಕರೇ ಅಲ್ಲ ಎಂದು 2009ರಲ್ಲಿ ಚಂಡೀಗಢ ಆಡಳಿತದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಕಣ್ಣು ಬಿಟ್ಟು ನೋಡಿ ಸವಾಲು ಕೂಗಿದ್ದೀರಿ, ಆಮೇಲೆ ಸೌಕರ್ಯ ಇಲ್ಲವೆಂದು ಗ್ರಾಹಕ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂಬ ಅರ್ಥದಲ್ಲಿ. ಸಾಲ ತೀರದ ಆಸ್ತಿಯನ್ನು ಬ್ಯಾಂಕು ಸರ್ಫೇಸಿ ಕಾಯಿದೆಯಡಿ ಹರಾಜು ಹಾಕುವುದಾದರೆ ಇನ್ನೂ ಬಿಗಿ. ಗೆದ್ದ ದಿನವೇ, ತಪ್ಪಿದರೆ ಮುಂದಿನ ಕೆಲಸದ ದಿನ, ಕಾಲು ಭಾಗ ಕಟ್ಟಬೇಕು. ಉಳಿದದ್ದನ್ನು ಸಾಮಾನ್ಯವಾಗಿ ಮಾರಾಟ ಖಾಯಂ ಆದ ಹದಿನೈದನೇ ದಿನದೊಳಗೆ. ಕಟ್ಟದೆ ಹೋದರೆ ಆ ಕಾಲು ಭಾಗ ಪೂರ್ತಿ ಮುಟ್ಟುಗೋಲು. ಹಾಗೆ ಮಾಡುವುದು ಸರಿಯೇ ಎಂದು 2024ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. "ಅಂದ್ರೆ ಫೋಟೋ ನೋಡಿ ತಗೊಳ್ಳೋ ಹಾಗಿಲ್ಲ."

ಇಲ್ಲ. ಹರಾಜಿನ ಪ್ರಕಟಣೆಯಲ್ಲಿ ಸೈಟಿನ ನಂಬರು, ಚಕ್ಕುಬಂದಿ ಎಲ್ಲ ಇರುತ್ತದೆ. ಬಿಡ್ ಹಾಕುವ ಮುಂಚೆ ಯಾರಾದರೂ ಒಬ್ಬರು ಖುದ್ದು ಹೋಗಿ ನಿಂತು ನೋಡಿ ಬರಲಿ, ಮಳೆ ಬಂದ ಮಾರನೇ ದಿನ ಇನ್ನೊಂದು ಸಲ ನೋಡಲಿ, ಕಾಗದ ಪತ್ರಗಳನ್ನು ವಕೀಲರು ಓದಲಿ ಎಂದೆ.

"ತಮ್ಮ ತುಮಕೂರಲ್ಲೇ ಇದ್ದಾನೆ," ಎಂದರು. "ಇವತ್ತು ರಾತ್ರಿನೇ ಫೋನ್ ಮಾಡ್ತೀನಿ."